ಬೆಳಕು ಹಾಯಿಸಿ ಮೆದುಳಿನ ಸದ್ದು ಕೇಳುವುದು ಹೇಗೆ?

ಪ್ರಶ್ನೆ: ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಕಾಣಸಿಗುವಂಥ ಮಂಗಗಳ ತಲೆಗೆ ಬೆಳಕು ಹಾಯಿಸಿ, ಅಲ್ಲಿಂದ ಬರುವ ಶಬ್ದದಿಂದ ಮೆದುಳಿನ ಚಟುವಟಿಕೆಯನ್ನು ಚಿತ್ರಿಸುತ್ತಾರೆಂದು ಜೀವಶಾಸ್ತ್ರ ಓದುತ್ತಿರುವ ಮಗಳು ಹೇಳಿದಳು. ಬೆಳಕಿನಿಂದ ಶಬ್ದ ಹುಟ್ಟುವುದು ಹೇಗೆ? ಅದು ನರಕೋಶಗಳ ಶಬ್ದವೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬಿಟ್ಟುಬಿಟ್ಟು ಬೀಳುವ ಬೆಳಕನ್ನು ಹೀರಿಕೊಂಡ ವಸ್ತು ಸದ್ದು ಮಾಡುತ್ತದೆಂಬುದನ್ನು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ 1880ರಲ್ಲೇ ಗಮನಿಸಿದ್ದರು. ಇಂದು ಬೆಲ್ ಬಳಸಿದ ಸೂರ್ಯನ ಬೆಳಕಿನ ಬದಲು ಕೆಲವೇ ನ್ಯಾನೋಸೆಕೆಂಡು ಮಿನುಗುವ ಲೇಸರನ್ನು ಬಳಸುತ್ತಾರೆ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಂಪು ವಸ್ತುವಾದ ಹಿಮೋಗ್ಲೋಬಿನ್ ಅದನ್ನು ಹೀರಿ ಒಂದು ಡಿಗ್ರಿಯ ಸಾವಿರದ ಒಂದು ಭಾಗದಷ್ಟು ಕಾದರೂ ಸಾಕು, ರಕ್ತನಾಳ ತಟ್ಟನೆ ಹಿಗ್ಗಿ ಅಲ್ಟ್ರಾಸೌಂಡ್ ಅಲೆಯೊಂದು ಹೊರಡುತ್ತದೆ. ಅದು ಮಾನವನ ಕಿವಿಗೆ ಕೇಳಿಸದು. ತಲೆಯ ಸುತ್ತ ಇಟ್ಟ ಸಂವೇದಕಗಳು ಅದನ್ನು ಹಿಡಿಯುತ್ತವೆ. ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್ ಆದ್ದರಿಂದ, ಒಂದೂವರೆ ಸೆಂಟಿಮೀಟರ್ ಆಳದ ಅಲೆ 10 ಮೈಕ್ರೋಸೆಕೆಂಡಿನಲ್ಲಿ ಹೊರಗೆ ಬರುತ್ತದೆ. ಈ ಸಮಯದ ಲೆಕ್ಕದಿಂದಲೇ ಅಲೆ ಎಲ್ಲಿ ಹುಟ್ಟಿತೆಂಬುದು ಗೊತ್ತಾಗುತ್ತದೆ. ಬೆಳಕು ಅಂಗಾಂಶದಲ್ಲಿ ಬೇಗನೆ ಚದುರಿಹೋಗುತ್ತದೆ, ಶಬ್ದ ಅಷ್ಟು ಚದುರುವುದಿಲ್ಲ. ಎರಡನ್ನೂ ಜೋಡಿಸಿದ ಲಾಭ ಇದೇ.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯವಾದದ್ದು. ಸಾಮಾನ್ಯವಾಗಿ ಇಲ್ಲಿ ಹಿಡಿಯುವ ಶಬ್ದ ನರಕೋಶದ್ದಲ್ಲ, ರಕ್ತದ್ದು. ಮಂಗದ ಬೆರಳನ್ನು ಮುಟ್ಟಿದಾಗ ಆ ಬೆರಳಿಗೆ ಸಂಬಂಧಿಸಿದ ಮೆದುಳಿನ ಭಾಗ ಚುರುಕಾಗಿ, ಒಂದೆರಡು ಸೆಕೆಂಡಿನ ಬಳಿಕ ಅಲ್ಲಿಗೆ ಆಮ್ಲಜನಕ ಹೊತ್ತ ರಕ್ತ ಹೆಚ್ಚಾಗಿ ಹರಿಯುತ್ತದೆ. ಆಮ್ಲಜನಕವಿರುವ ಮತ್ತು ಇಲ್ಲದ ಹಿಮೋಗ್ಲೋಬಿನ್ ಬೇರೆ ಬೇರೆ ಬಣ್ಣದ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ, ಎರಡು ತರಂಗಾಂತರಗಳಲ್ಲಿ ಲೇಸರ್ ಹಾಯಿಸಿ ಎರಡರ ಪಾಲನ್ನೂ ಅಂದಾಜು ಮಾಡಬಹುದು; ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಆಕ್ಸಿಮೀಟರಿನ ಹಿಂದಿರುವುದೂ ಹೀರಿಕೆಯ ಇದೇ ವ್ಯತ್ಯಾಸ. ಹೀಗಾಗಿ ಇಂಥ ಚಿತ್ರಗಳನ್ನು ‘ಮಂಗದ ಆಲೋಚನೆ ಕಂಡಿತು’ ಎಂದು ವರ್ಣಿಸುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಇಲಿಯಲ್ಲಿ ಈ ಕೆಲಸ ಸುಲಭ, ಏಕೆಂದರೆ ಅದರ ತಲೆಬುರುಡೆ ಒಂದು ಮಿಲಿಮೀಟರಿಗಿಂತ ತೆಳು. ಆದರೆ ಅದರ ಮೆದುಳಿನ ಮೇಲ್ಮೈ ನುಣುಪು. ನಮ್ಮಂತೆ ಮಡಿಕೆಗಳಿರುವ, ಕಣ್ಣು ಮತ್ತು ಕೈಬೆರಳುಗಳ ಬಳಕೆಯಲ್ಲಿ ನಮ್ಮನ್ನು ಹೋಲುವ ಮೆದುಳು ಬೇಕೆಂದಾಗ ಮಂಗದ ಕಡೆ ನೋಡಬೇಕಾಗುತ್ತದೆ. ಅದರ ದಪ್ಪ ಬುರುಡೆಯೋ ಬೆಳಕನ್ನು ಚದುರಿಸುವುದಲ್ಲದೆ, ಸೂಕ್ಷ್ಮ ವಿವರಗಳನ್ನು ಹೊತ್ತ ಹೆಚ್ಚಿನ ಆವರ್ತನದ ಅಲೆಗಳನ್ನು ನುಂಗಿ, ಉಳಿದವನ್ನು ಬಾಗಿಸಿಬಿಡುತ್ತದೆ. ಬುರುಡೆಯ ಒಂದು ತುಣುಕನ್ನು ತೆಗೆದರೆ ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಪ್ರಾಣಿಗೆ ಶಸ್ತ್ರಚಿಕಿತ್ಸೆಯ ನೋವು ತಪ್ಪದು. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಇಂಥ ಪ್ರಯೋಗಗಳ ಮೇಲೆ ನಿಗಾ ಇಡಲು ಸಮಿತಿಯಿದೆ, ಅದು ಇರಲೇಬೇಕು.

ಮಾನವನ ಬುರುಡೆ ಇನ್ನೂ ದಪ್ಪ. ನೆತ್ತಿ ಕೂಡದ ಎಳೆಗೂಸುಗಳಲ್ಲಿ ಮಾತ್ರ ಮೂಳೆಯಿಲ್ಲದ ಒಂದು ಕಿಂಡಿ ಸಿಗುತ್ತದೆ. ಅಲ್ಲಿಂದಲೇ ವೈದ್ಯರು ಈಗಲೂ ಮಗುವಿನ ಮೆದುಳಿನ ಅಲ್ಟ್ರಾಸೌಂಡ್ ಮಾಡುತ್ತಾರೆ.