ಸಣ್ಣ ಮಕ್ಕಳಿಗೆ ಪಾಟಿ, ಪುಸ್ತಕ, ಖುರ್ಚಿಯ ಸ್ಪ್ಯಾನಿಷ್ ಹೆಸರು ಕಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಧಾರವಾಡದಲ್ಲಿ ಬೇಸಿಗೆ ಸೂಟಿಗೆ 5ರಿಂದ 7 ವರ್ಷದ 12 ಮಕ್ಕಳು ಬರುತ್ತಾರೆ. ಶಾಲೆಯ ಸಾಮಾನುಗಳ 30 ಸ್ಪ್ಯಾನಿಷ್ ಹೆಸರುಗಳ ಚಾರ್ಟ್ ಗೋಡೆಗೆ ಹಚ್ಚಿದ್ದೀರಿ. ಒಂದೇ ಉಸಿರಿಗೆ ಒಪ್ಪಿಸುತ್ತಾರೆ, ಆದರೆ ರಬ್ಬರ್ ಎತ್ತಿ ಹಿಡಿದು ಇದೇನು ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಮೊದಲು ಆ ಚಾರ್ಟ್ ಇಳಿಸಿ. ಮಕ್ಕಳು ಕಲಿತದ್ದು ಪದಗಳನ್ನಲ್ಲ, ಪದಗಳ ಸಾಲನ್ನು. ಏಳರ ಮಗ್ಗಿ ಬಾಯಿಪಾಠ ಮಾಡಿದ ಹುಡುಗ ಏಳು ಎಂಟಲೆ ಎಷ್ಟು ಎಂದರೆ ಏಳು ಒಂದಲೆಯಿಂದ ಶುರು ಮಾಡುತ್ತಾನಲ್ಲ, ಇದೂ ಹಾಗೆಯೇ. ಈ ವಯಸ್ಸಿಗೆ ಹೆಸರು ಕೈಗೆ ಅಂಟಬೇಕು, ಚಿತ್ರಕ್ಕಲ್ಲ. ಇನ್ನೊಂದು ತೊಂದರೆ, ನೀವು ನಡುವೆ ಇಂಗ್ಲಿಷ್ ತರುತ್ತಿದ್ದೀರಿ ಅನಿಸುತ್ತದೆ. ಬುಕ್ ಅಂದರೆ ಲೀಬ್ರೊ ಎಂದು ಹೇಳಿಕೊಡುವ ಅಗತ್ಯವೇ ಇಲ್ಲ. ಕನ್ನಡದ ಕಿವಿ ಸ್ಪ್ಯಾನಿಷ್‌ಗೆ ಇಂಗ್ಲಿಷ್‌ಗಿಂತ ಹತ್ತಿರ.

ಹೇಗೆಂದರೆ, ಶಾಲೆಯ ಚೀಲಕ್ಕೆ ಸ್ಪ್ಯಾನಿಷ್‌ನಲ್ಲಿ ಲಾ ಮೊಚೀಲ. ಚೀಲ ಒಳಗೇ ಕೂತಿದೆ! ಇದು ಬರೀ ಕಾಕತಾಳೀಯ, ಆದರೆ ಮೊದಲ ದಿನದ ಮೊದಲ ಪದ ಇದೇ ಇರಲಿ. ಎರಡನೆಯದು ಲಾ ಮೇಸ, ನಮ್ಮ ಮೇಜು. ಮೂರನೆಯದು ಎಲ್ ಅರ್ಮಾರಿಯೊ, ಅಲಮಾರಿ. ಇದು ಕಾಕತಾಳೀಯವಲ್ಲ. ಪೋರ್ಚುಗೀಸರಿಂದ ನಮಗೆ ಅಲಮಾರಿ, ಚಾವಿ, ಪಗಾರ, ಬಟಾಟಿ, ಮೇಸ್ತ್ರಿ ಬಂದವು. ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್ ಅಕ್ಕತಂಗಿಯರು. ನಮ್ಮಲ್ಲಿ ಗೋಡೆ ಕಟ್ಟಿಸುವ ಮೇಸ್ತ್ರಿಯ ನಂಟ ಅಲ್ಲಿ ಮಾಯೆಸ್ತ್ರೊ ಆಗಿ ಶಾಲೆಯಲ್ಲಿ ಪಾಠ ಹೇಳುತ್ತಾನೆ. ಟೀಚರ್ ಹೆಣ್ಣಾದರೆ ಮಾಯೆಸ್ತ್ರ. ಮಕ್ಕಳು ನಿಮ್ಮನ್ನು ಹಾಗೇ ಕರೆಯಲಿ.

ಆಮೇಲೆ ದಿನಕ್ಕೆ ಮೂರೇ ಹೊಸ ಪದ, ಬಹಳವಾದರೆ ನಾಲ್ಕು. ಮೂರು ವಾರಕ್ಕೆ 15 ಪದ ಸಾಕು: ಎಲ್ ಲೀಬ್ರೊ (ಪುಸ್ತಕ), ಎಲ್ ಕ್ವದೇರ್ನೊ (ನೋಟ್‌ಬುಕ್), ಎಲ್ ಲಾಪಿಸ್ (ಪೆನ್ಸಿಲ್), ಲಾ ಗೋಮ (ರಬ್ಬರ್), ಲಾ ರೇಗ್ಲ (ಫುಟ್‌ಪಟ್ಟಿ), ಲಾ ಸೀಯ (ಖುರ್ಚಿ), ಲಾ ಪ್ವೆರ್ತ (ಬಾಗಿಲು), ಲಾ ಬೆಂತಾನ (ಕಿಟಕಿ), ಎಲ್ ಪಪೆಲ್ (ಕಾಗದ), ಲಾ ಪಿಸಾರ್ರ (ಬೋರ್ಡ್), ಲಾ ತೀಸ (ಖಡು), ಎಲ್ ಎಸ್ತೂಚೆ (ಕಂಪಾಸ್ ಡಬ್ಬಿ), ಜೊತೆಗೆ ಮೇಲಿನ ಮೂರು. ಪಿಸಾರ್ರ ಅಂದರೆ ಮೂಲದಲ್ಲಿ ಪಾಟಿಕಲ್ಲು, ಹಾಗಾಗಿ ಮಕ್ಕಳ ಪಾಟಿಗೂ ಗೋಡೆಯ ಬೋರ್ಡಿಗೂ ಒಂದೇ ಪದ ನಡೆಯುತ್ತದೆ. ಮನೆಯ ಅಟ್ಟದಲ್ಲಿ ಹಳೇ ಪಾಟಿ ಇದ್ದರೆ ತನ್ನಿ.

ಲೀಬ್ರೊ ಮತ್ತು ಲಾಪಿಸ್ ಒಂದೇ ದಿನ ಕಲಿಸಬೇಡಿ. ಎರಡೂ ‘ಲ’ದಿಂದ ಶುರು, ಎರಡೂ ಒಂದೇ ಚೀಲದೊಳಗಿನವು, ಮಕ್ಕಳು ತಿಂಗಳುಗಟ್ಟಲೆ ಅದಲುಬದಲು ಮಾಡುತ್ತಾರೆ. ಒಂದು ಸಣ್ಣ ವಸ್ತು, ಒಂದು ದೊಡ್ಡದು, ಒಂದು ಗೋಡೆಯಲ್ಲಿರುವುದು, ಹೀಗೆ ಬೆರೆಸಿ. ಗಡಿಯಾರ (ರೆಲೋಹ್) ಈಗ ಬೇಡ, ಅದರ ಕೊನೆಯ ಸದ್ದು ಗಂಟಲಿನಿಂದ ಉಜ್ಜಿಕೊಂಡು ಬರಬೇಕು. ಉರ್ದು ಮನೆಯ ಮಕ್ಕಳಿದ್ದರೆ ಅವರಿಗೆ ಸಲೀಸು, ‘ಖರಾಬ್’ನ ಮೊದಲ ಅಕ್ಷರವನ್ನು ಅವರು ಹಾಗೆಯೇ ಆಡುತ್ತಾರೆ. ಕತ್ತರಿ (ತಿಹೇರಾಸ್) ಸಾಮಾನ್ಯವಾಗಿ ಬಹುವಚನದಲ್ಲೇ ಬರುತ್ತದೆ, ಶಾರ್ಪ್‌ನರ್ (ಸಾಕಾಪುಂತಾಸ್) ಒಂದಿದ್ದರೂ ‘ಸ್’ ಹಚ್ಚಿಕೊಂಡಿರುತ್ತದೆ. ಇವೂ ಮುಂದಿನ ಸೂಟಿಗೆ.

ಎಲ್, ಲಾ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಎಲ್ಲರೂ ಎಡವುವುದು ಇಲ್ಲೇ. ಕನ್ನಡದಲ್ಲಿ ಪುಸ್ತಕವೂ ‘ಅದು’, ಖುರ್ಚಿಯೂ ‘ಅದು’. ಸ್ಪ್ಯಾನಿಷ್‌ನಲ್ಲಿ ಪ್ರತಿ ವಸ್ತುವಿಗೂ ಲಿಂಗವಿದೆ, ಗಂಡಾದರೆ ಹೆಸರಿನ ಮುಂದೆ ಎಲ್, ಹೆಣ್ಣಾದರೆ ಲಾ. ‘ಪುಸ್ತಕ ಗಂಡು, ಖುರ್ಚಿ ಹೆಣ್ಣು’ ಎಂದು ವಿವರಿಸಿದರೆ ಮಕ್ಕಳು ನಗುತ್ತಾರೆ, ಆಮೇಲೆ ಯಾಕೆ ಎಂದು ಕೇಳುತ್ತಾರೆ, ಅದಕ್ಕೆ ಉತ್ತರವಿಲ್ಲ. ವಿವರಿಸಬೇಡಿ. ‘ಗೋಮ’ ಎಂದು ಬಿಡಿಯಾಗಿ ಒಮ್ಮೆಯೂ ಹೇಳದೆ ಯಾವಾಗಲೂ ‘ಲಾ ಗೋಮ’ ಎನ್ನಿ. ಅವರ ಮಟ್ಟಿಗೆ ಅದು ಒಂದೇ ಪದ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಇನ್ಸುಲೇಶನ್ ಟೇಪಿನ ಎರಡು ಸುರುಳಿ ತಂದು ಎಲ್ ವಸ್ತುಗಳಿಗೆ ನೀಲಿ, ಲಾ ವಸ್ತುಗಳಿಗೆ ಕೆಂಪು ಎರಡು ಇಂಚು ಹಚ್ಚಿ. ಕಾಗದದ ಸ್ಟಿಕ್ಕರ್ ಬೇಡ, ಮಕ್ಕಳು ಉಗುರಿನಿಂದ ಕೆರೆದು ತೆಗೆಯುತ್ತಾರೆ. ಒ-ಕಾರಕ್ಕೆ ಎಲ್, ಅ-ಕಾರಕ್ಕೆ ಲಾ ಎಂಬ ಸೂತ್ರವನ್ನೂ ಈಗಲೇ ಕೊಡಬೇಡಿ. ಭೂಪಟ (ಎಲ್ ಮಾಪ) ಬಂದ ದಿನ ಅದು ಮುರಿಯುತ್ತದೆ.

ಪಾಠ 20 ನಿಮಿಷ ಮೀರದಿರಲಿ. ಮೊದಲ ಎರಡು ದಿನ ಮಕ್ಕಳು ಬಾಯಿ ಬಿಡಬೇಕಾಗಿಯೇ ಇಲ್ಲ. ನೀವು ‘ತೋಕ ಲಾ ಮೇಸ’ ಎಂದು ಮೇಜು ಮುಟ್ಟಿ, ಅವರೂ ಮುಟ್ಟಲಿ. ಮುಂದಿನ ಸಲ ನೀವು ಮುಟ್ಟದೆ ಬರೀ ಹೇಳಿ. ಕೇಳಿ ಮೈಯಾಡಿಸುವ ಈ ಪದ್ಧತಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದರು. ಸಣ್ಣ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಮೂರನೆಯ ದಿನ ‘ಎಸ್ ಲಾ ಗೋಮ?’ (ಇದು ರಬ್ಬರಾ?) ಎಂದು ಒಮ್ಮೊಮ್ಮೆ ಬೇಕಂತಲೇ ಪೆನ್ಸಿಲ್ ತೋರಿಸಿ ಕೇಳಿ. ಸಿ, ನೊ ಅಷ್ಟೇ ಉತ್ತರ. ನಾಲ್ಕನೆಯ ದಿನದಿಂದ ಮಾತು: ‘ದಾಮೆ ಎಲ್ ಲೀಬ್ರೊ, ಪೋರ್ ಫಬೋರ್’. ದಾಮೆ ಅಂದರೆ ‘ಕೊಡು’, ‘ಕೊಡ್ರಿ’ ಅಲ್ಲ. ನಮ್ಮ ‘ರಿ’ಯ ಮರ್ಯಾದೆಯನ್ನು ಅಲ್ಲಿ ‘ಪೋರ್ ಫಬೋರ್’ ಹೊರಲಿ, ಬಿಡಬೇಡಿ.

ಆಟ ಎರಡು ಸಾಕು. ಬಟ್ಟೆಯ ಪಿಶವಿಯಲ್ಲಿ ಐದು ವಸ್ತು ಹಾಕಿ, ಮಗು ಕೈ ಹಾಕಿ ತಡವಿ, ತೆಗೆಯುವ ಮೊದಲೇ ಹೆಸರು ಹೇಳಬೇಕು. ಇನ್ನೊಂದು, ಆರು ವಸ್ತು ಸಾಲಾಗಿಟ್ಟು ಟವೆಲ್ ಮುಚ್ಚಿ ಒಂದನ್ನು ಕದ್ದು ‘ಕೆ ಫಾಲ್ತ?’ (ಏನು ಇಲ್ಲ?) ಎಂದು ಕೇಳುವುದು. 12 ಮಕ್ಕಳನ್ನು ನಾಲ್ವರ ಮೂರು ಗುಂಪು ಮಾಡಿ, ಸಾಮಾನಿನ ಮೂರು ಸೆಟ್ ಇಡಿ. ಒಂದೇ ಸೆಟ್ ಇದ್ದರೆ ಒಬ್ಬ ಆಡುತ್ತಾನೆ, ಹನ್ನೊಂದು ಮಂದಿ ಗದ್ದಲ ಹಾಕುತ್ತಾರೆ.

ಉಚ್ಚಾರಣೆ. ತ, ದ ನಮ್ಮ ಹಲ್ಲಿನವೇ. ‘ಬೆಂಟಾನ’ ಎಂದರೆ ಅದು ಇಂಗ್ಲಿಷ್ ಶಾಲೆಯ ಪ್ರಭಾವ. ವ ಅಕ್ಷರವಿದ್ದರೂ ಸದ್ದು ಬ. ಸೀಯದಲ್ಲಿ ಎರಡು ಎಲ್ ಬರೆದರೂ ಹೆಚ್ಚಿನ ಕಡೆ ಓದುವುದು ಯ. ಕೊನೆಯ ‘ಅ’ವನ್ನು ಬಾಯಿ ತೆರೆದು ಹೇಳಿ, ಆದರೆ ‘ಮೇಸಾ’ ಎಂದು ಎಳೆಯಬೇಡಿ, ಒತ್ತು ತಪ್ಪುತ್ತದೆ. ಪಿಸಾರ್ರದ ರ ನಾಲಿಗೆ ತುದಿಯಲ್ಲಿ ಗುಡುಗುಡು ಉರುಳಬೇಕು. ಹಳಗನ್ನಡಕ್ಕೆ ಬೇರೆಯೇ ಒಂದು ‘ಱ’ ಇತ್ತಲ್ಲ, ಇಂಥ ಕಡೆ ಅದು ನೆನಪಾಗುತ್ತದೆ. ನಮ್ಮವರ ದೊಡ್ಡ ತಪ್ಪು ಬೇರೆ: ವ್ಯಂಜನದಲ್ಲಿ ಮುಗಿದ ಪದಕ್ಕೆ ‘ಉ’ ಸೇರಿಸುವುದು. ಲಾಪಿಸು, ಪಪೆಲು! ತಿದ್ದಲು ಕೂಡಬೇಡಿ, ಸ್ವರದಿಂದ ಶುರುವಾಗುವ ಪದವೊಂದನ್ನು ಹಿಂದೆಯೇ ಕಟ್ಟಿ: ‘ಎಲ್ ಪಪೆಲ್ ಅಕೀ’ (ಕಾಗದ ಇಲ್ಲಿ). ಉ ತಾನೇ ಬಿದ್ದುಹೋಗುತ್ತದೆ. ಇನ್ನು ‘ಇಸ್ಕೂಲು’ ಎನ್ನುವ ಮಗುವನ್ನು ಯಾರೂ ನಗದಿರಲಿ. ಶಾಲೆಗೆ ಸ್ಪ್ಯಾನಿಷ್ ಪದ ಎಸ್ಕ್ವೇಲ. ಅವರ ನಾಲಿಗೆಗೂ ಪದದ ಮೊದಲಿಗೆ ‘ಸ್ಕ’ ಆಗಿಬರುವುದಿಲ್ಲ.

ಬರವಣಿಗೆ ಮೂರು ವಾರ ಬೇಡ. ರೋಮನ್ ಲಿಪಿ ಕಂಡ ಕೂಡಲೇ ಮೇಸ ‘ಮೀಸ’ ಆಗುತ್ತದೆ, ಸೀಯ ‘ಸಿಲ್ಲ’ ಆಗುತ್ತದೆ. ಪಾಲಕರು ಏನಾದರೂ ಬರೆದುಕೊಡಿ ಎಂದು ಹಟ ಹಿಡಿದರೆ ಕನ್ನಡದಲ್ಲೇ ಬರೆದು ಒತ್ತು ಬೀಳುವ ಅಕ್ಷರದ ಕೆಳಗೆ ಗೆರೆ ಎಳೆಯಿರಿ.

ಯೂಟ್ಯೂಬ್ ಹಾಡು ಹಾಕುವ ಮುನ್ನ ಅದು ಯಾವ ದೇಶದ್ದು ನೋಡಿ. ಮೆಕ್ಸಿಕೊದಲ್ಲಿ ಬೋರ್ಡು ಪಿಸರ್ರೋನ್, ಖಡು ಹೀಸ್. ಕೊಲಂಬಿಯದಲ್ಲಿ ರಬ್ಬರ್ ಬೊರ್ರದೋರ್. ಸ್ಪೇನಿನಲ್ಲಿ ಬೊರ್ರದೋರ್ ಅಂದರೆ ಬೋರ್ಡ್ ಒರೆಸುವ ಡಸ್ಟರ್. ಪೆನ್ನಿಗಂತೂ ದೇಶಕ್ಕೊಂದು ಹೆಸರು, ಅದಕ್ಕೇ ಮೇಲಿನ ಪಟ್ಟಿಯಲ್ಲಿ ಪೆನ್ ಇಟ್ಟಿಲ್ಲ. ತಮಾಷೆಯೆಂದರೆ ಸ್ಪೇನಿನವರ ‘ತೀಸ’ ಮೆಕ್ಸಿಕೊದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಹೋದದ್ದು, ಮೆಕ್ಸಿಕೊದವರೇ ಅದನ್ನು ಹೆಚ್ಚು ಬಳಸುವುದಿಲ್ಲ. ಯಾವುದಾದರೂ ಒಂದು ದೇಶದ್ದು ಹಿಡಿದು ಅದರಲ್ಲೇ ಇರಿ.

ಕಲಿಸಿದ ಪದವನ್ನು ಮರುದಿನ, ನಾಲ್ಕನೆಯ ದಿನ, ಎಂಟನೆಯ ದಿನ ಮತ್ತೆ ಚೀಲದಿಂದ ತೆಗೆಯಿರಿ. ತಪ್ಪಾಗಿ ‘ಎಲ್ ಗೋಮ’ ಎಂದರೆ ‘ಸಿ, ಲಾ ಗೋಮ’ ಎಂದು ಸರಿಯಾದದ್ದನ್ನು ಆಡಿ ಮುಂದೆ ಹೋಗಿ. ಪಾಲಕರಿಗೆ ಒಂದೇ ಕೆಲಸ ಕೊಡಿ: ‘ಟೇಬಲ್‌ಗೆ ಸ್ಪ್ಯಾನಿಷ್‌ನಲ್ಲಿ ಏನಂತಾರ ಹೇಳು’ ಎಂದು ಬಂದವರ ಮುಂದೆ ಪರೀಕ್ಷೆ ಮಾಡದೆ, ಮನೆ ಬಿಡುವ ಹೊತ್ತಿಗೆ ‘ದೋಂದೆ ಎಸ್ತಾ ಲಾ ಮೊಚೀಲ?’ (ಚೀಲ ಎಲ್ಲಿ?) ಎಂದು ಕೇಳುವುದು. ಮಗು ಚೀಲ ತಂದು ಕೊಟ್ಟರೆ ಉತ್ತರ ಬಂದ ಹಾಗೆಯೇ.