ಅದೇ ಸೋಫಾ, ಅದೇ ಕಿಟಕಿ

ನಿಮ್ಮ ಪತ್ರ ಓದಿದೆ. ಜನವರಿ 1ರಂದು ಶುರು ಮಾಡಿದಿರಿ, ಮನೆಯವರದ್ದೇ ದಿನಕ್ಕೊಂದು ಫೋಟೋ, ವರ್ಷಕ್ಕೆ 365. 112ನೇ ದಿನಕ್ಕೆ ನಿಂತುಹೋಯಿತು. ಎಲ್ಲರಿಗೂ ಜ್ವರ ಬಂದು ಐದು ದಿನ ತಪ್ಪಿದ್ದೇ ತಪ್ಪಿದ್ದು, ಆಮೇಲೆ ಮೊಬೈಲ್ ಎತ್ತಲು ಮನಸ್ಸೇ ಬರಲಿಲ್ಲ ಅಂತೀರಿ. ತೆಗೆದದ್ದನ್ನು ನೋಡಿದರೆ ಅದೇ ಸೋಫಾ, ಅದೇ ಕಿಟಕಿ, ಅದೇ ಬಟ್ಟೆ ರಾಶಿ. ದೊಡ್ಡ ಮಗಳು ಮುಖ ಮುಚ್ಚಿಕೊಳ್ಳುತ್ತಾಳೆ. 'ಇದನ್ನೆಲ್ಲ ಯಾರು ನೋಡ್ತಾರೆ?' ಅಂತ ನಿಮ್ಮ ಮನೆಯವರು ಕೇಳಿದರಂತೆ. ಬಿಟ್ಟುಬಿಡಲಾ ಅನ್ನೋದು ನಿಮ್ಮ ಪ್ರಶ್ನೆ.

ಬಿಡಬೇಡಿ. ಹಾಗಂತ ಈಗ ಮಾಡುತ್ತಿರುವ ಥರಾನೇ ಮುಂದುವರಿಸಿ ಅಂತಲೂ ಹೇಳಲಾರೆ.

ಮೊದಲು ಆ ಐದು ದಿನದ ವಿಷಯ. ಅಮೆರಿಕದ ಕಾರ್ಲ್ ಬೇಡನ್ ಅನ್ನುವ ಛಾಯಾಗ್ರಾಹಕರು 1987ರ ಫೆಬ್ರವರಿಯಿಂದ ದಿನಾ ತಮ್ಮ ಮುಖದ ಫೋಟೋ ತೆಗೆದುಕೊಳ್ಳುತ್ತಾ ಬಂದವರು. 1991ರಲ್ಲಿ ಅವರಿಗೂ ಒಂದು ದಿನ ಮರೆತುಹೋಯಿತು. ಅವರದ್ದು ಒಂದೇ ದಿನ, ನಿಮ್ಮದು ಐದು, ಸರಿ. ಆದರೆ ನಿಮ್ಮ ಮನೆ ಫೋಟೋಗೆ ಹಾಜರಿ ಹಾಕಲು ಯಾರೂ ಕೂತಿಲ್ಲ. ಇವತ್ತು ತೆಗೆದು ಹಳೇ ತಾರೀಖು ಹಾಕಬೇಡಿ, ಅಷ್ಟೇ. ಆ ಜಾಗ ಖಾಲಿ ಬಿಟ್ಟು 'ಎಲ್ಲರಿಗೂ ಜ್ವರ' ಅಂತ ಬರೆದಿಡಿ.

ಇನ್ನು ಎಲ್ಲ ಒಂದೇ ಥರ ಕಾಣುತ್ತದೆ ಅನ್ನುವ ದೂರು. ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಿಕೋಲಸ್ ನಿಕ್ಸನ್ ಎಂಬವರು 1975ರಲ್ಲಿ ಶುರು ಮಾಡಿ ತಮ್ಮ ಹೆಂಡತಿ ಮತ್ತು ಆಕೆಯ ಮೂವರು ಅಕ್ಕತಂಗಿಯರನ್ನು ವರ್ಷಕ್ಕೊಮ್ಮೆ ನಿಲ್ಲಿಸಿ ಫೋಟೋ ತೆಗೆದರು, ನಾಲ್ವರೂ ಪ್ರತಿ ಸಲ ಅದೇ ಸಾಲಿನಲ್ಲಿ, ಅದೇ ಕ್ರಮದಲ್ಲಿ. ನಿಲ್ಲುವ ಕ್ರಮ ಬದಲಾಗದೇ ಇರುವುದರಿಂದಲೇ ಮುಖ ಎಷ್ಟು ಬದಲಾಯಿತು ಅಂತ ಕಾಣುತ್ತದೆ. ನಿಮ್ಮ ಸೋಫಾನೂ ಅಂಥದ್ದೇ. ವಾರಕ್ಕೊಂದು ದಿನ, ಭಾನುವಾರ ಅಂತಲೇ ಇಟ್ಟುಕೊಳ್ಳಿ, ಒಂದೇ ಜಾಗದಲ್ಲಿ ನಿಂತು ಸೋಫಾದ ಫೋಟೋ ತೆಗೆಯಿರಿ, ಅದರ ಮೇಲೆ ಯಾರಿದ್ದರೂ ಸರಿ, ಯಾರೂ ಇಲ್ಲದಿದ್ದರೂ ಸರಿ.

ಉಳಿದ ಆರು ದಿನ ದಯವಿಟ್ಟು ಸೋಫಾ ಬಿಡಿ!

ಯಾಕೆ ಹೇಳುತ್ತೇನೆ ಅಂದರೆ, ನಮ್ಮ ಮನೆಯ ಹಳೇ ಆಲ್ಬಮ್‌ನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಸಾಲಾಗಿ ನಿಂತಿದ್ದಾರೆ. ನಾವು ಒಡಹುಟ್ಟಿದವರು ಸೇರಿದಾಗ ಜಾಸ್ತಿ ಹೊತ್ತು ನೋಡುವುದು ಆ ಮುಖಗಳನ್ನಲ್ಲ. ಒಂದು ಫೋಟೋದ ಮೂಲೆಯಲ್ಲಿ ಅಪ್ಪನ ಮೇಜು ಅರ್ಧ ಕಾಣುತ್ತದೆ, ಮೇಲೆ ರೇಡಿಯೋ, ಮುರಿದ ಆಂಟೆನಾಗೆ ದಾರ ಸುತ್ತಿ ಕಟ್ಟಿದ್ದು. ಅಪ್ಪ ದಿನಾ ಬೆಳಿಗ್ಗೆ ಅಲ್ಲೇ ಕನ್ನಡಿ ಇಟ್ಟುಕೊಂಡು ಶೇವ್ ಮಾಡಿಕೊಳ್ಳುತ್ತಿದ್ದರು. ಅದರದ್ದು ಒಂದೂ ಫೋಟೋ ಇಲ್ಲ. ದಿನಾ ಇದ್ದದ್ದೇ ಅಲ್ವಾ, ಯಾರು ತೆಗೆಯುತ್ತಾರೆ?

ಹಾಗಾಗಿ ಮುಖದ ಹಿಂದೆ ಬೀಳಬೇಡಿ, ಮಾಡುವ ಕೆಲಸ ನೋಡಿ. ಶೂ ಲೇಸ್ ಕಟ್ಟುವ ಬೆರಳು. ಕಳೆದ ಕಾಲುಚೀಲ ಹುಡುಕಲು ಮಂಚದ ಕೆಳಗೆ ಹೋದ ಮಗ, ಹೊರಗೆ ಕಾಲು ಮಾತ್ರ. 'ಸ್ವಲ್ಪ ನಗು' ಅಂತ ನೀವು ಹೇಳಿದ ಕೂಡಲೇ ಆ ಕ್ಷಣ ಹೋಯಿತು ಅಂತ ತಿಳಿಯಿರಿ. ಮಗುವಿನ ಫೋಟೋ ತೆಗೆಯುವಾಗ ನೀವೂ ನೆಲಕ್ಕೆ ಕೂರಿ, ನಿಂತು ತೆಗೆದರೆ ಬರೀ ನೆತ್ತಿ ಬರುತ್ತದೆ. ಹಗಲಿನಲ್ಲಿ ಕಿಟಕಿ ಪಕ್ಕ ಲೈಟ್ ಆರಿಸಿಬಿಡಿ, ಎರಡು ಬೆಳಕು ಸೇರಿದರೆ ಮುಖದ ಅರ್ಧ ಹಳದಿ, ಅರ್ಧ ನೀಲಿ. ರಾತ್ರಿ ಹೊತ್ತು ಬೆಳಕು ಕಡಿಮೆ ಅಂತ ಮೊಬೈಲ್ ಹಲವು ಚಿತ್ರ ತೆಗೆದು ಒಂದಾಗಿ ಜೋಡಿಸುತ್ತದೆ, ಅದಕ್ಕೇ ಓಡುವ ಮಗು ಕಲಸಿಹೋಗುವುದು. ಜೂಮ್ ಬೇಡ, ಎರಡು ಹೆಜ್ಜೆ ಹತ್ತಿರ ಹೋಗಿ.

ಮೂವತ್ತು ತೆಗೆದು ಅದರಲ್ಲಿ ಒಂದನ್ನು ಆರಿಸಲು ರಾತ್ರಿ ಅರ್ಧ ಗಂಟೆ ಕೂರುತ್ತೀರಂತೆ. ನಿಮಗೆ ಸುಸ್ತಾದದ್ದು ಇದರಿಂದಲೇ ಅಂತ ನನ್ನ ಗುಮಾನಿ. ಜೇಮಿ ಲಿವಿಂಗ್‌ಸ್ಟನ್ ಅಂತ ಒಬ್ಬರಿದ್ದರು. 1979ರ ಮಾರ್ಚ್ 31ರಿಂದ ದಿನಕ್ಕೊಂದು ಪೋಲರಾಯ್ಡ್ (ಕ್ಯಾಮೆರಾದಿಂದಲೇ ಪ್ರಿಂಟ್ ಆಗಿ ಬರುವ) ಫೋಟೋ ತೆಗೆದರು, 1997ರ ಅಕ್ಟೋಬರ್ 25ರವರೆಗೆ. ಅದು ಅವರ 41ನೇ ಹುಟ್ಟುಹಬ್ಬ, ತೀರಿಕೊಂಡದ್ದೂ ಅವತ್ತೇ. ನಡುವೆ ಗೆಳೆಯರು, ಊಟದ ಮೇಜು, ಕೊನೆಗೆ ಆಸ್ಪತ್ರೆ. ದಿನಕ್ಕೆ ಒಂದೇ. ನೀವೂ ಒಂದು, ತೀರಾ ಕೆಟ್ಟರೆ ಎರಡು, ಅಲ್ಲಿಗೆ ಮೊಬೈಲ್ ಕೆಳಗಿಡಿ. ಮನೆಯವರ ಗೊಣಗಾಟವೂ ಅರ್ಧ ಕಡಿಮೆಯಾದೀತು.

ಮಗಳ ವಿಷಯದಲ್ಲಿ ನಾನು ಅವಳ ಕಡೆ. ಬೇಡ ಅಂದರೆ ಬೇಡ. ಅವಳನ್ನು ಕೇಳದೆ ಯಾವ ಗ್ರೂಪಿಗೂ ಹಾಕಬೇಡಿ. ಅವಳ ಚೀಲ, ಬಾಗಿಲಿಗೆ ಅಂಟಿಸಿದ 'ಒಳಗೆ ಬರಬೇಡಿ' ಚೀಟಿ, ಅವೂ ಅವಳೇ ತಾನೇ, ಆದರೆ ಅದಕ್ಕೂ ಕೇಳಿ. ಇನ್ನೊಂದು ಮಾಡಿ, ವಾರಕ್ಕೊಂದು ದಿನ ಮೊಬೈಲ್ ಅವಳ ಕೈಗೆ ಕೊಡಿ. ಅಂದ ಹಾಗೆ, ಆ 112ರಲ್ಲಿ ನೀವು ಎಷ್ಟರಲ್ಲಿ ಇದ್ದೀರಿ? ಪತ್ರದಲ್ಲಿ ಆ ಮಾತೇ ಇಲ್ಲ. ಅವಳು ತೆಗೆದರೆ ನೀವೂ ಸಿಗುತ್ತೀರಿ, ಬಹುಶಃ ಕೆದರಿದ ಕೂದಲಲ್ಲಿ, ಇರಲಿ ಬಿಡಿ.

ಇನ್ನು ಜೋಪಾನ. ಮೊಬೈಲ್ ಬಿಟ್ಟು ಬೇರೆ ಎರಡು ಕಡೆ ಪ್ರತಿ ಇರಲಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ಮೂಲ ಅಂತ ಅದನ್ನು ನಂಬಬೇಡಿ. ತಿಂಗಳಿಗೆ ನಾಲ್ಕೈದು ಪ್ರಿಂಟ್ ಹಾಕಿಸಿ, ಹಿಂದೆ ತಾರೀಖು ಬರೆಯಿರಿ.

ಪತ್ರದ ಜೊತೆ ಮೂರು ಫೋಟೋ ಕಳಿಸಿದ್ದೀರಿ. ಎರಡರಲ್ಲಿ ಎಲ್ಲರೂ ನೆಟ್ಟಗೆ ನಕ್ಕಿದ್ದಾರೆ. ಮೂರನೆಯದು ಅಲುಗಾಡಿದೆ, ಸರಿಯಾಗಿ ಬಂದಿಲ್ಲ, ಕ್ಷಮಿಸಿ ಅಂತ ಬರೆದಿದ್ದೀರಿ. ಮುಂದೆ ಮಗ ಲೇಸ್ ಕಟ್ಟುತ್ತಿದ್ದಾನೆ, ಹಿಂದೆ ನಿಮ್ಮ ಮನೆಯವರು ಬಗ್ಗಿ ಡ್ರಾಯರ್‌ನಲ್ಲಿ ಕನ್ನಡಕ ಹುಡುಕುತ್ತಿದ್ದಾರೆ, ಕನ್ನಡಕ ಅವರ ತಲೆ ಮೇಲೇ ಇದೆ. ಇದನ್ನು ನಮ್ಮ ಕಚೇರಿಯಲ್ಲಿ ಕೈಯಿಂದ ಕೈಗೆ ಕೊಟ್ಟು ನೋಡಿದೆವು. ಅವರಿಗೆ ತೋರಿಸಿದಿರಾ?