ಡೈಪರ್ ಒಳಗಿನ ಪುಡಿ ಕುಂಡಕ್ಕೆ ಬೇಡ ಅಕ್ಕ

ಅಕ್ಕ, ಊರಿಗೆ ಹೋದಾಗ ಗಿಡ ಒಣಗದಿರಲಿ ಅಂತ ಡೈಪರ್ ಬಿಚ್ಚಿ ಒಳಗಿನ ನೀರು ಹೀರುವ ಪುಡಿಯನ್ನು ತಾರಸಿ ಕುಂಡಗಳಿಗೆ ಹಾಕಬಹುದಾ, ಇಲ್ಲಾ ಅದೇ ಜಾತಿಯ, ಎಳೆ ರೂಪದ ಫೈಬರ್ ತರಿಸಲಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಎರಡೂ ಬೇಡ.

ಮೊದಲು ಫೈಬರ್ ವಿಷಯ. ಪುಡಿ, ಫೈಬರ್ ಎರಡೂ ಒಂದೇ ಮಾಲು. ಅಕ್ರಿಲಿಕ್ ಆಸಿಡ್ ಅನ್ನೋ ರಾಸಾಯನಿಕಕ್ಕೆ ಕಾಸ್ಟಿಕ್ ಸೋಡಾ ಸೇರಿಸಿ ಉದ್ದುದ್ದ ಸರಪಳಿ ಮಾಡುತ್ತಾರೆ. ಸರಪಳಿಗಳಿಗೆ ಅಲ್ಲಲ್ಲಿ ಗಂಟು ಬಿದ್ದರೆ ಅದು ನೀರಲ್ಲಿ ಕರಗದೆ ಉಬ್ಬುತ್ತದೆ. ಆದರೆ ಗಂಟು ಬಿದ್ದ ಮೇಲೆ ಎಳೆ ತೆಗೆಯಲು ಆಗುವುದಿಲ್ಲ. ಹಾಗಾಗಿ ಮೊದಲು ದ್ರಾವಣವನ್ನು ಸಣ್ಣ ತೂತುಗಳಿಂದ ಬಿಸಿಗಾಳಿಗೆ ಒತ್ತಿ ಎಳೆ ಮಾಡಿಕೊಂಡು, ಆಮೇಲೆ ಕಾಯಿಸಿ ಗಂಟು ಬೀಳಿಸುತ್ತಾರೆ. ಚಕ್ಕುಲಿ ಒತ್ತಿದ ಮೇಲೆ ತಾನೇ ಕರಿಯೋದು! ಎಳೆ ತೆಳು, ಪುಡಿಗಿಂತ ಬೇಗ ಹೀರುತ್ತದೆ. ಕೇಬಲ್ ಒಳಗೆ ನೀರು ಹರಿಯದಂತೆ ತಡೆಯಲು, ಗಾಯದ ಪಟ್ಟಿಗೆ ಆ ವೇಗ ಬೇಕು. ಗಿಡಕ್ಕೆ ಅಷ್ಟು ಅವಸರ ಇಲ್ಲ ಅಲ್ವಾ?

ಡೈಪರ್ ಪುಡಿಯಲ್ಲಿರುವುದು ಸೋಡಿಯಂ. ಅದು ಮಣ್ಣಿಗೆ ಒಳ್ಳೆಯದಲ್ಲ. ಹಾಕಲೇಬೇಕು ಅಂದರೆ ಅಂಗಡಿಯಲ್ಲಿ ಪೊಟ್ಯಾಸಿಯಂ ಜೆಲ್ ಕೇಳಿ, ಅದೂ ಇಂಥದೇ ಪುಡಿ, ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಮಾಡಿದ ಪೂಸಾ ಹೈಡ್ರೋಜೆಲ್ ಕೂಡ ಇದೆ, ಸೆಲ್ಯುಲೋಸ್‌ನಿಂದ, ಅಂದರೆ ಗಿಡದ ನಾರಿನಂಶದಿಂದ ಮಾಡಿದ್ದು. ಹೊಲಕ್ಕಾದರೆ ಹೆಕ್ಟೇರಿಗೆ 2.5ರಿಂದ 5 ಕೆಜಿ ಹಾಕುತ್ತಾರೆ.

ಈಗ ನಿಜವಾದ ತೊಂದರೆಗೆ ಬರೋಣ. ಪ್ಯಾಕೆಟ್ ಮೇಲೆ ತನ್ನ ತೂಕದ 300 ಪಟ್ಟು, 400 ಪಟ್ಟು ನೀರು ಹೀರುತ್ತದೆ ಅಂತ ಬರೆದಿರುತ್ತದಲ್ಲ, ಅದು ಶುದ್ಧ ನೀರಿನ ಲೆಕ್ಕ. ಶೇ. 0.9 ಉಪ್ಪಿರುವ ನೀರಲ್ಲಿ ಡೈಪರ್ ಪುಡಿ 50 ಪಟ್ಟು ಹೀರಿದರೆ ಹೆಚ್ಚು. ಬೋರ್‌ವೆಲ್ ನೀರಿನ ಸುಣ್ಣದಂಶವಂತೂ ಜೆಲ್ಲನ್ನು ಇನ್ನೂ ಬಿಗಿ ಮಾಡಿ ಉಬ್ಬಲು ಬಿಡುವುದಿಲ್ಲ. ನಮ್ಮದು ಅಂಥದೇ ನೀರು, ಹಾಕಿದ ದುಡ್ಡು ದಂಡ. ಕೊಳ್ಳುವ ಮೊದಲು ಯಾರ ಹತ್ತಿರವಾದರೂ ಒಂದು ಚಿಟಿಕೆ ಇಸಿದುಕೊಳ್ಳಿ. ಎರಡು ಲೋಟ ಇಡಿ, ಒಂದರಲ್ಲಿ ಮಳೆನೀರು, ಇನ್ನೊಂದರಲ್ಲಿ ನಿಮ್ಮ ನಲ್ಲಿ ನೀರು. ಒಂದು ಗಂಟೆ ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ಹಾಕುವುದೇ ಆದರೆ 10 ಲೀಟರ್ ಕುಂಡಕ್ಕೆ 10 ಗ್ರಾಂ ಸಾಕು. ನೆನೆಸಿ, ಉಬ್ಬಿದ ಮೇಲೆ ಬೇರಿನ ಮಟ್ಟದಲ್ಲಿ ಮಣ್ಣಿಗೆ ಬೆರೆಸಿ. ನಾನು ಒಂದು ಸಲ ಜಾಸ್ತಿ ಹಾಕಿದೆ, ಅದೂ ಒಣಗಿದ್ದನ್ನೇ. ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಮಣ್ಣು ಉಬ್ಬಿ ಕುಂಡದಾಚೆ, ಟೊಮೆಟೊ ಸಸಿ ಬೇರು ಸಮೇತ ಮೇಲೆ!

ನೀವು ಊರಿಗೆ ಹೋಗುವುದು ನಾಲ್ಕೇ ದಿನ ಅಂದಿರಲ್ಲ. ಅಷ್ಟಕ್ಕೆ ತೆಂಗಿನ ನಾರಿನ ಪುಡಿ ಬೆರೆಸಿ, ಮೇಲೆ ಒಣ ಎಲೆ ಮುಚ್ಚಿ, ಕುಂಡಗಳನ್ನು ನೆರಳಿಗೆ ಎಳೆದಿಡಿ.